ಸರ್ವರ್ ಸಾಹೇಬರು ಇದ್ದಾರೆಯೆ?

ಒಂದು ಕಾಲವಿತ್ತು. ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಬೆಳಗಿನಿಂದ ಕಾದು ಕುಳಿತ ಹಳ್ಳಿಗನ ಬಳಿಗೆ ಜವಾನನು ಬಂದು, “ಸಾಹೇಬರು ಸರ್ಕೀಟು ಹೋಗಿದ್ದಾರೆ, ನಾಳೆ ಬಾ” ಎಂದರೆ ಅಲ್ಲಿಗೆ ಮುಗಿಯಿತು. ಆತನು ವಲ್ಲಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಊರಿನ ದಾರಿ ಹಿಡಿಯುತ್ತಿದ್ದನು. ಸಾಹೇಬರು ನಿಜವಾಗಿಯೂ ಸರ್ಕೀಟು ಹೋಗಿದ್ದರೋ, ಒಳಗಿನ ಕೋಣೆಯಲ್ಲಿಯೇ ಕಾಫಿ ಕುಡಿಯುತ್ತಿದ್ದರೋ ಎಂದು ವಿಚಾರಿಸುವ ಧೈರ್ಯ ಯಾರಿಗೂ ಇರಲಿಲ್ಲ.

ಇಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಆ ಮಾತಿನ ಸ್ಥಾನದಲ್ಲಿ ಎರಡೇ ಪದಗಳು ಬಂದು ಕುಳಿತಿವೆ: “ಸರ್ವರ್ ಇಲ್ಲ.” ಪಡಿತರದ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ, ಬ್ಯಾಂಕಿನ ಕಿಟಕಿಯಲ್ಲಿ ಹೇಳುವವರಿಗೂ ಕೇಳುವವರಿಗೂ ಇದು ಅಭ್ಯಾಸವಾಗಿಹೋಗಿದೆ. 2023ರ ಜೂನ್ 18ರಂದು ಗೃಹಜ್ಯೋತಿ ಯೋಜನೆಯ ನೋಂದಣಿ ಪ್ರಾರಂಭವಾದಾಗ ರಾಜ್ಯದ ಊರೂರಿನಲ್ಲಿಯೂ ಇದೇ ಮಾತು. ಹಿಂದಿನ ಸಾಹೇಬರಿಗೆ ಮುಖವಿತ್ತು, ಹೆಸರಿತ್ತು. ಹೊಸ ಸಾಹೇಬರಿಗೆ ಅದೂ ಇಲ್ಲ.

ಮೇಲುನೋಟಕ್ಕೆ ಇದು ಬರಿಯ ಯಂತ್ರದ ವಿಚಾರ. ಆದರೆ ಕೂಲಿಯ ಹೆಂಗಸೊಬ್ಬಳು ಪಡಿತರದ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಮರಳಿದರೆ ಅಂದಿನ ಅಕ್ಕಿಯೂ ಇಲ್ಲ, ಅಂದಿನ ಕೂಲಿಯೂ ಇಲ್ಲ. ಮಾವಿನ ತೋಟವೊಂದರ ವಿವರ ಬೆಳೆಯ ದಾಖಲೆಗೆ ಸೇರದೆ ಹೋದರೆ, ಆಲಿಕಲ್ಲು ಬಿದ್ದ ವರ್ಷ ಪರಿಹಾರದ ಪಟ್ಟಿಯಲ್ಲಿ ಆ ರೈತನ ಹೆಸರನ್ನು ಹುಡುಕಬೇಕಾಗುತ್ತದೆ. ಈ ಸರ್ವರ್ ಎಂಬುದು ಏನು, ಅದು ಇದೆಯೋ ಇಲ್ಲವೋ ಎಂಬುದನ್ನು ಕೈಯಲ್ಲಿರುವ ಮೊಬೈಲು ಹೇಗೆ ತಿಳಿಯುತ್ತದೆ, ಇಲ್ಲವೆಂದು ತಿಳಿದ ಮೇಲೆ ಮಾಡಬೇಕಾದದ್ದು ಏನು ಎಂಬುದು ಆದ್ದರಿಂದ ಇಂಜಿನಿಯರುಗಳಿಗೆ ಮಾತ್ರ ಬಿಟ್ಟು ಕೂಡುವ ವಿಷಯವಲ್ಲ.

ದೂರ ಹೋದ ದಫ್ತರು

ಸರ್ವರ್ ಎಂದರೆ ಕೇಳಿದವರಿಗೆ ದಾಖಲೆ ತೆಗೆದುಕೊಡುವ, ಕೊಟ್ಟ ದಾಖಲೆಯನ್ನು ಇಟ್ಟುಕೊಳ್ಳುವ ಒಂದು ಕಂಪ್ಯೂಟರು. ಹಳೆಯ ಮಾತಿನಲ್ಲಿ ಹೇಳುವುದಾದರೆ, ದಫ್ತರಿನ ಕೋಣೆ ಮತ್ತು ಅದನ್ನು ಕಾಯುವ ಗುಮಾಸ್ತ, ಎರಡೂ ಒಂದೇ.

ಕರ್ನಾಟಕದಲ್ಲಿ ಜನಸಾಮಾನ್ಯರು ಸರ್ವರನ್ನು ಮೊದಲು ಕಂಡದ್ದು ‘ಭೂಮಿ’ ಯೋಜನೆಯ ಮೂಲಕ. 2000ನೆಯ ಇಸವಿಯ ಆಸುಪಾಸಿನಲ್ಲಿ ಪ್ರಾರಂಭವಾಗಿ ಕೆಲವೇ ವರ್ಷಗಳಲ್ಲಿ 177 ತಾಲ್ಲೂಕುಗಳಿಗೆ ಹಬ್ಬಿದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬಂದಿತು. ಆ ಮೊದಲ ವರ್ಷಗಳಲ್ಲಿ ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇರುತ್ತಿತ್ತು. ಮುಳಬಾಗಿಲಿನ ರೈತನ ಪಹಣಿ ಮುಳಬಾಗಿಲಿನ ಕೋಣೆಯೊಂದರಲ್ಲಿ, ಶ್ರೀನಿವಾಸಪುರದವನದು ಶ್ರೀನಿವಾಸಪುರದಲ್ಲಿ. ವಿದ್ಯುತ್ತು ಹೋದರೆ ಕೆಲಸ ನಿಲ್ಲುತ್ತಿತ್ತು, ನಿಜ. ಆದರೆ ನಿಂತದ್ದು ಏಕೆಂದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು.

ಮುಂದೆ ಈ ದಾಖಲೆಗಳೆಲ್ಲ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿದವು. ಅದರಿಂದ ಆದ ಉಪಕಾರ ದೊಡ್ಡದು: ಎಲ್ಲಿಂದ ಬೇಕಾದರೂ ಪಹಣಿ ನೋಡಬಹುದು, ಒಂದೇ ಜಮೀನಿಗೆ ಎರಡು ಕಡೆ ಎರಡು ಬಗೆಯ ಬರಹವಿರುವ ಭಯವಿಲ್ಲ. ಆದರೆ ಬೆಲೆಯನ್ನೂ ತೆರಬೇಕಾಯಿತು. ಪಕ್ಕದ ಕೋಣೆಯಲ್ಲಿದ್ದ ದಫ್ತರು ನೂರು ಕಿಲೋಮೀಟರು ಆಚೆಗೆ ಹೋಯಿತು. ನಡುವಿನ ದಾರಿಯಲ್ಲಿ ಎಲ್ಲಿ ಏನು ಕಡಿದರೂ ಇಲ್ಲಿ ಕುಳಿತವರಿಗೆ ತೋರುವುದು ಒಂದೇ: “ಸರ್ವರ್ ಇಲ್ಲ.”

ಗೋಪುರದ ಗೀಟುಗಳನ್ನು ನಂಬಬಹುದೆ?

“ಫೋನಿನಲ್ಲಿ ನಾಲ್ಕೂ ಗೀಟುಗಳಿವೆಯಲ್ಲ, ಸರ್ವರ್ ಇಲ್ಲವೆಂದರೇನು?” ಎಂದು ಮನೆಮನೆಯಲ್ಲಿ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಗೀಟುಗಳು ಹೇಳುವುದು ಒಂದೇ ಸಂಗತಿಯನ್ನು: ಹತ್ತಿರದಲ್ಲಿ ಒಂದು ಗೋಪುರವಿದೆ, ಅದರ ದನಿ ಚೆನ್ನಾಗಿ ಕೇಳಿಸುತ್ತಿದೆ. ಗೋಪುರದಾಚೆಗಿನ ಸುದ್ದಿ ಅವಕ್ಕೆ ತಿಳಿಯದು.

ಮೊಬೈಲಿನಿಂದ ಹೊರಟ ಮಾತು ಮೊದಲು ಗೋಪುರವನ್ನು ಸೇರಬೇಕು. ಅಲ್ಲಿಂದ ದೂರವಾಣಿ ಕಂಪನಿಯ ತಂತಿಗಳ ಮೂಲಕ ಬೆಂಗಳೂರಿಗೋ ಮತ್ತಾವ ನಗರಕ್ಕೋ ಹೋಗಬೇಕು. ಅಲ್ಲಿ ಅಂತರಜಾಲದ ಹೆದ್ದಾರಿ ಹತ್ತಿ ದತ್ತಾಂಶ ಕೇಂದ್ರದ ಬಾಗಿಲು ತಟ್ಟಬೇಕು. ಬಾಗಿಲಲ್ಲಿರುವ ಯಂತ್ರ ಒಳಗಿನ ದಾಖಲೆಯ ಕಣಜವನ್ನು ಕೇಳಬೇಕು. ಉತ್ತರ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಆವನಿ ಬೆಟ್ಟದಂಥ ಬಂಡೆಗಳ ಮರೆಯಲ್ಲಿ ಮೊದಲ ಹೆಜ್ಜೆಯೇ ತಪ್ಪಬಹುದು. ಕೋಲಾರದ ಬಸ್ ನಿಲ್ದಾಣದಲ್ಲಿ ಗೀಟುಗಳೆಲ್ಲ ತುಂಬಿದ್ದರೂ ಕೊನೆಯ ಹೆಜ್ಜೆ ತಪ್ಪಬಹುದು. ಊರಿಗೆ ಬಸ್ಸು ಬಂದಿತೆಂದ ಮಾತ್ರಕ್ಕೆ ಕಚೇರಿಯಲ್ಲಿ ಸಾಹೇಬರು ಇದ್ದಾರೆಂದು ಅರ್ಥವಲ್ಲವಷ್ಟೆ!

ಹಾಗಾದರೆ ತಿಳಿಯುವುದು ಹೇಗೆ? ದಾರಿ ಒಂದೇ: ಕೇಳಿ ನೋಡುವುದು. 1983ರ ಡಿಸೆಂಬರಿನಲ್ಲಿ ಅಮೆರಿಕದ ಸೈನ್ಯದ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮ್ಯೂಸ್ ಎಂಬಾತ ಇದಕ್ಕಾಗಿ ಒಂದು ಪುಟ್ಟ ಕಾರ್ಯಕ್ರಮ ಬರೆದನು. ದೂರದ ಕಂಪ್ಯೂಟರಿಗೆ ಒಂದು ಕೂಗು ಹಾಕುವುದು, ಪ್ರತಿಧ್ವನಿ ಬರಲು ಎಷ್ಟು ಹೊತ್ತಾಯಿತೆಂದು ಎಣಿಸುವುದು, ಇಷ್ಟೇ ಅದರ ಕೆಲಸ. ಜಲಾಂತರ್ಗಾಮಿಗಳು ನೀರಿನೊಳಗೆ ಶಬ್ದ ಬಿಟ್ಟು ಪ್ರತಿಧ್ವನಿಯಿಂದ ದಾರಿ ತಿಳಿಯುವಾಗ ಕೇಳುವ ಸದ್ದನ್ನೇ ಅದಕ್ಕೆ ಹೆಸರಾಗಿಟ್ಟನು: ‘ಪಿಂಗ್’. ಆ ಹೆಸರು ಇಂದಿಗೂ ಬಳಕೆಯಲ್ಲಿದೆ.

ಜೇಬಿನಲ್ಲಿರುವ ಫೋನು ಕೂಡ ಒಡೆಯನಿಗೆ ತಿಳಿಯದಂತೆ ಇಂಥದೇ ಕೂಗು ಹಾಕುತ್ತಿರುತ್ತದೆ. ಆಂಡ್ರಾಯ್ಡ್ ಫೋನು ಹೊಸ ಜಾಲಕ್ಕೆ ಸೇರಿದೊಡನೆ ಗೂಗಲ್ ಕಂಪನಿಯ ಒಂದು ಗೊತ್ತಾದ ವಿಳಾಸವನ್ನು ವಿಚಾರಿಸುತ್ತದೆ. ಅಲ್ಲಿಂದ ಬರಬೇಕಾದ ಉತ್ತರ ‘204’ ಎಂಬ ಸಂಖ್ಯೆ. “ನಾನಿದ್ದೇನೆ, ಹೇಳುವುದೇನೂ ಇಲ್ಲ” ಎಂದು ಅದರ ಅರ್ಥ. ಆ ಉತ್ತರ ಬಾರದಿದ್ದರೆ ಜಾಲ ಹಿಡಿದರೂ ಅಂತರಜಾಲವಿಲ್ಲವೆಂದು ಫೋನು ತೀರ್ಮಾನಿಸುತ್ತದೆ. ಹೋಟೆಲು, ರೈಲು ನಿಲ್ದಾಣಗಳ ವೈಫೈ ‘ಮೊದಲು ನಿಮ್ಮ ನಂಬರು ಕೊಡಿ’ ಎಂಬ ಪುಟವನ್ನು ಮುಂದೊಡ್ಡುವುದನ್ನು ಫೋನು ಕಂಡುಹಿಡಿಯುವುದೂ ಹೀಗೆಯೇ. ಖಾಲಿ ಉತ್ತರ ಬರಬೇಕಾದ ಕಡೆ ತುಂಬಿದ ಪುಟ ಬಂದರೆ ನಡುವೆ ಯಾರೋ ಅಡ್ಡ ನಿಂತಿದ್ದಾರೆಂದು ಅದಕ್ಕೆ ಗೊತ್ತಾಗುತ್ತದೆ.

ಇಷ್ಟರಿಂದಲೂ ಕೆಲಸ ಮುಗಿಯಲಿಲ್ಲ. ಗೂಗಲ್ ಉತ್ತರ ಕೊಟ್ಟರೆ ಗೂಗಲ್ ಇದೆಯೆಂದಾಯಿತು. ಪಡಿತರದ ಸರ್ವರ್ ಇದೆಯೆಂದಾಗಲಿಲ್ಲ. ಆದ್ದರಿಂದ ಚೆನ್ನಾಗಿ ಕಟ್ಟಿದ ಆ್ಯಪ್ ತನಗೆ ಬೇಕಾದ ಸರ್ವರನ್ನೇ ಕೇಳುತ್ತದೆ. ಇದಕ್ಕಾಗಿ ಸರ್ವರಿನಲ್ಲಿ ಒಂದು ಕಿರುಬಾಗಿಲನ್ನೇ ಇಟ್ಟಿರುವುದುಂಟು. ಅಲ್ಲಿ ಕೇಳುವುದು ಯೋಗಕ್ಷೇಮವನ್ನು ಮಾತ್ರ. ಇಲ್ಲಿಯೂ ಒಂದು ಮೋಸವಿದೆ. ಬಾಗಿಲಲ್ಲಿರುವ ಜವಾನನು “ಇದ್ದೇನೆ ಸ್ವಾಮಿ” ಎನ್ನಬಹುದು; ಒಳಗೆ ದಫ್ತರಿನ ಕೋಣೆಗೆ ಬೀಗ ಬಿದ್ದಿರಬಹುದು. ಒಳಗಿನ ಕಣಜವನ್ನೂ ಒಮ್ಮೆ ಮುಟ್ಟಿ ನೋಡಿ ಬಳಿಕ ‘ಕ್ಷೇಮ’ ಎನ್ನುವ ಜವಾನನೇ ಉತ್ತಮ.

ಅದಕ್ಕಿಂತ ಮುಖ್ಯವಾದ ವಿವೇಕ ಇನ್ನೊಂದುಂಟು. ‘ಇದ್ದೇನೆ’ ಎಂದ ಸರ್ವರ್ ಮರುಕ್ಷಣದಲ್ಲಿಯೇ ಬೀಳಬಹುದು. ಆದ್ದರಿಂದ ಕ್ಷೇಮಸಮಾಚಾರ ಕೇಳಿದ ಮಾತ್ರಕ್ಕೆ ನಿಶ್ಚಿಂತೆಯಿಂದ ಕೂಡದೆ, ನಿಜವಾದ ಕೆಲಸವನ್ನೇ ಒಪ್ಪಿಸಿ, ಅದರ ಉತ್ತರ ಬಂದರೆ ಮಾತ್ರ ಸರ್ವರ್ ಇದೆಯೆಂದು ತಿಳಿಯುವುದೇ ಅನುಭವಸ್ಥರ ರೀತಿ.

ಕೇಳುವುದಕ್ಕೂ ಒಂದು ಮರ್ಯಾದೆ

ಕೇಳಿದ ಮೇಲೆ ಎಷ್ಟು ಹೊತ್ತು ಕಾಯಬೇಕು? ಮಿತಿಯಿಲ್ಲದೆ ಕಾದರೆ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇರುತ್ತದೆ. ಸಾಲಿನಲ್ಲಿ ನಿಂತವರ ತಲೆಯೂ ಸುತ್ತುತ್ತದೆ. ತೀರ ಬೇಗ ಕೈಬಿಟ್ಟರೆ, ನಿಧಾನವಾಗಿ ಬರುತ್ತಿದ್ದ ಒಳ್ಳೆಯ ಉತ್ತರವನ್ನು ಬಾಗಿಲಲ್ಲಿಯೇ ಹಿಂದಕ್ಕೆ ಕಳುಹಿಸಿದಂತಾಗುತ್ತದೆ. ಕೆಲಸದ ತೂಕ ನೋಡಿ ಗಡುವು ಇಡಬೇಕು. ಕ್ಷೇಮಸಮಾಚಾರಕ್ಕೆ ಕೆಲವೇ ಸೆಕೆಂಡು ಸಾಕು. ಹೊಲದ ಫೋಟೋ ಏರಿಸಲು ಅದಕ್ಕಿಂತ ಬಹಳ ಹೆಚ್ಚು ಬೇಕು.

ಗಡುವು ಮುಗಿದರೆ ಮತ್ತೆ ಕೇಳಬೇಕು. ಒಂದೇ ಸಮನೆ ಕೇಳಬಾರದು. ಈ ಪಾಠವನ್ನು ಜಗತ್ತು ಹವಾಯಿ ದ್ವೀಪಗಳಿಂದ ಕಲಿಯಿತು. 1971ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಬೇರೆಬೇರೆ ದ್ವೀಪಗಳನ್ನು ರೇಡಿಯೋ ಮೂಲಕ ಒಂದೇ ಕಂಪ್ಯೂಟರಿಗೆ ಜೋಡಿಸಿದರು. ಇಬ್ಬರು ಒಂದೇ ಗಳಿಗೆಯಲ್ಲಿ ಮಾತನಾಡಿದರೆ ಇಬ್ಬರ ಮಾತೂ ಕೆಡುತ್ತಿತ್ತು. ಇಬ್ಬರೂ ಒಡನೆಯೇ ಮತ್ತೆ ಕೂಗಿದರೆ ಮತ್ತೆಯೂ ಡಿಕ್ಕಿ. ಅದಕ್ಕೆ ಕಂಡುಕೊಂಡ ಉಪಾಯ, ಒಬ್ಬೊಬ್ಬರೂ ಗೊತ್ತುಗುರಿಯಿಲ್ಲದ ಬೇರೆಬೇರೆ ಹೊತ್ತು ಸುಮ್ಮನಿದ್ದು ಆಮೇಲೆ ಕೂಗುವುದು. 1973ರಲ್ಲಿ ಹುಟ್ಟಿದ ‘ಈಥರ್‌ನೆಟ್’ ಎಂಬ ಜಾಲ ಇದಕ್ಕೆ ಇನ್ನೊಂದು ನಯವನ್ನು ಸೇರಿಸಿತು: ಒಂದೊಂದು ಸಲ ಸೋತಂತೆಯೂ ಕಾಯುವ ಹೊತ್ತನ್ನು ಇಮ್ಮಡಿಗೊಳಿಸುತ್ತ ಹೋಗುವುದು. ಇಂದಿನ ಒಳ್ಳೆಯ ಆ್ಯಪ್‌ಗಳು ನಡೆಯುವುದು ಇದೇ ಕ್ರಮದಲ್ಲಿ: ಎರಡು ಸೆಕೆಂಡು, ನಾಲ್ಕು, ಎಂಟು, ಹದಿನಾರು. ಬಹಳ ಸಲ ಸೋತರೆ, ಮನೆಯ ಫ್ಯೂಸು ಕಡಿದುಕೊಳ್ಳುವಂತೆ, ಕೆಲಕಾಲ ಕೇಳುವುದನ್ನೇ ನಿಲ್ಲಿಸಿ ಬಳಿಕ ಒಂದೇ ಒಂದು ಪ್ರಶ್ನೆಯನ್ನು ಕಳುಹಿಸಿ ಪರೀಕ್ಷಿಸುತ್ತವೆ.

ಈ ಮರ್ಯಾದೆ ತಪ್ಪಿದರೆ ಏನಾಗುವುದೆಂದು ದೇಶವೇ ಒಂದು ದಿನ ನೋಡಿತು. 2025ರ ಏಪ್ರಿಲ್ 12, ಶನಿವಾರ. ಫೋನಿನಿಂದ ಹಣ ಕೊಡುವ ಯುಪಿಐ ವ್ಯವಸ್ಥೆ ಹಲವು ಗಂಟೆಗಳ ಕಾಲ ತೊಡರಿತು. ವ್ಯವಸ್ಥೆಯನ್ನು ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಕಾರಣವನ್ನು ಪರಿಶೀಲಿಸಿದಾಗ, ಕೆಲವು ಬ್ಯಾಂಕುಗಳ ಕಡೆಯಿಂದ “ಆ ಹಣ ಏನಾಯಿತು? ಆ ಹಣ ಏನಾಯಿತು?” ಎಂಬ ವಿಚಾರಣೆಗಳು, ಹಳೆಯ ವ್ಯವಹಾರಗಳ ಬಗ್ಗೆ ಕೂಡ, ಪ್ರವಾಹದಂತೆ ನುಗ್ಗಿದ್ದು ಕಂಡುಬಂದಿತು. ಬಳಲಿದ ಸರ್ವರನ್ನು “ಬಳಲಿದೆಯಾ?” ಎಂದು ಕೇಳಿ ಕೇಳಿಯೇ ನೆಲಕ್ಕೆ ಕೆಡವಿದಂತಾಯಿತು. ಆಮೇಲೆ 2025ರಲ್ಲಿ ಬಂದ ನಿಯಮ ಹೀಗಿತ್ತು: ವ್ಯವಹಾರ ನಡೆದ 90 ಸೆಕೆಂಡುಗಳವರೆಗೆ ಅದರ ಸ್ಥಿತಿಯನ್ನು ವಿಚಾರಿಸಬಾರದು, ಎರಡು ಗಂಟೆಗಳಲ್ಲಿ ಮೂರಕ್ಕಿಂತ ಹೆಚ್ಚು ಸಲ ಕೇಳಬಾರದು. 2025ರ ಆಗಸ್ಟ್ 1ರಿಂದ ಒಂದು ಆ್ಯಪ್‌ನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಖಾತೆಯ ಶಿಲ್ಕು ನೋಡುವಂತಿಲ್ಲವೆಂಬ ಮಿತಿಯೂ ಬಂದಿತು. ಗುಂಡಿಯನ್ನು ಮತ್ತೆ ಮತ್ತೆ ಒತ್ತುವ ಬೆರಳಿಗೂ ಇದರಲ್ಲಿ ಒಂದು ಪಾಠವುಂಟು.

ಕಿರ್ದಿಯ ಜಾಣ್ಮೆ

ಕೇಳಿಯಾಯಿತು, ಉತ್ತರವಿಲ್ಲ. ಇನ್ನೇನು? ಇಲ್ಲಿಯೇ ಒಳ್ಳೆಯ ಆ್ಯಪ್‌ಗೂ ಕೆಟ್ಟ ಆ್ಯಪ್‌ಗೂ ಇರುವ ಅಂತರ ತಿಳಿಯುವುದು. ಕೆಟ್ಟದ್ದು ಕೈಚೆಲ್ಲುತ್ತದೆ. ಒಳ್ಳೆಯದು ಕಿರ್ದಿ ಬರೆಯುತ್ತದೆ.

ಪೇಟೆಯ ಬೀದಿಯ ಹಳೆಯ ವರ್ತಕರಿಗೆ ಇದು ಹೊಸದಲ್ಲ. ಗಿರಾಕಿ ಬಂದೊಡನೆ ದೊಡ್ಡ ಖಾತೆಪುಸ್ತಕವನ್ನು ತೆಗೆದು ಕೂಡುತ್ತಿರಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲಿ ಕಿರ್ದಿಯಲ್ಲಿ ಗೀಚಿಕೊಳ್ಳುವುದು, ದೀಪ ಹಚ್ಚಿದ ಮೇಲೆ ಬಿಡುವಾಗಿ ಒಂದೊಂದನ್ನೂ ಖಾತೆಗೆ ಏರಿಸುವುದು, ಏರಿಸಿದ್ದಕ್ಕೆ ಗುರುತು ಹಾಕುವುದು, ಇದು ಪದ್ಧತಿ. ಖಾತೆಪುಸ್ತಕ ಕೈಗೆ ಸಿಗಲಿಲ್ಲವೆಂದು ಯಾವ ಸೆಟ್ಟರೂ ವ್ಯಾಪಾರ ನಿಲ್ಲಿಸಿದ್ದಿಲ್ಲ. ಮೊಬೈಲಿನ ಒಳಗೂ ಇಂಥದೊಂದು ಕಿರ್ದಿಯನ್ನು ಇಡಬಹುದು. ಸರ್ವರ್ ಸಿಗದ ಹೊತ್ತಿನಲ್ಲಿ ಮಾಹಿತಿಯೆಲ್ಲ ಫೋನಿನ ನೆನಪಿನಲ್ಲಿಯೇ ಕುಳಿತು, ಜಾಲ ಸಿಕ್ಕಾಗ ಒಂದೊಂದಾಗಿ ಹೊರಟು ಮುಖ್ಯ ದಫ್ತರನ್ನು ಸೇರುತ್ತದೆ.

ಕೋಲಾರದ ಸೀಮೆಗೆ ಈ ವಿವೇಕ ಎಂದಿನಿಂದಲೋ ಗೊತ್ತು. ವರ್ಷವೆಲ್ಲ ಹರಿಯುವ ನದಿ ಒಂದೂ ಇಲ್ಲದ ನಾಡು ಇದು. ಮಳೆ ಬಂದಾಗ ಹಿಡಿದಿಟ್ಟುಕೊಂಡು, ಬಾರದಾಗ ಬಳಸುವುದಕ್ಕೆಂದು ಹಿರಿಯರು ಒಂದರ ಕೋಡಿ ಇನ್ನೊಂದಕ್ಕೆ ಹರಿಯುವಂತೆ ಸಾಲು ಸಾಲಾಗಿ ಕೆರೆಗಳನ್ನು ಕಟ್ಟಿದರು. ಬಾರದ ಮಳೆಯನ್ನು ಬೈಯುತ್ತ ಕುಳಿತಿದ್ದರೆ ಇಲ್ಲಿ ರಾಗಿಯೂ ಬೆಳೆಯುತ್ತಿರಲಿಲ್ಲ.

ಹಳ್ಳಿಯ ಹಾಲಿನ ಸಂಘವನ್ನೇ ನೋಡಬಹುದು. ಬೆಳಗ್ಗೆ ಸಂಜೆ ಎರಡು ಹೊತ್ತು ಕರೆದ ಹಾಲು ಯಾವ ಸರ್ವರಿಗೂ ಕಾಯುವುದಿಲ್ಲ, ಕಾದರೆ ಒಡೆಯುತ್ತದೆ. ಆದ್ದರಿಂದ ಅಲ್ಲಿನ ಯಂತ್ರ ಹಾಲಿನ ತೂಕವನ್ನೂ ಕೊಬ್ಬಿನ ಅಂಶವನ್ನೂ ಅಲ್ಲಿಯೇ ಅಳೆದು ಅಲ್ಲಿಯೇ ಚೀಟಿ ಕೊಡುತ್ತದೆ. ಲೆಕ್ಕ ಮೇಲಕ್ಕೆ ಹೋಗುವುದು ಆಮೇಲಿನ ಮಾತು.

ಸರ್ಕಾರದ ಆ್ಯಪ್‌ಗಳಲ್ಲಿ ಈ ಕ್ರಮಕ್ಕೆ ಒಳ್ಳೆಯ ಉದಾಹರಣೆ ಬೆಳೆ ಸಮೀಕ್ಷೆಯದು. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ರೈತರೇ ತಮ್ಮ ಬೆಳೆಯನ್ನು ತಾವೇ ದಾಖಲಿಸುವ ಆ್ಯಪ್ ಒಂದನ್ನು ಹೊರತಂದಿತು. ರೈತನು ಹೊಲದಲ್ಲಿ ನಿಂತು ಸರ್ವೆ ನಂಬರು ಆರಿಸಿ, ಬೆಳೆಯ ಹೆಸರು, ವಿಸ್ತೀರ್ಣ ಬರೆದು, ಫೋಟೋ ತೆಗೆಯಬೇಕು. ಬೆಳೆ ವಿಮೆ, ಬೆಳೆನಷ್ಟದ ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಈ ದಾಖಲೆಯೇ ಆಧಾರ. ಹೊಲಗಳಲ್ಲಿ ಜಾಲ ಸಿಗದಿರುವುದೇ ಹೆಚ್ಚೆಂದು ತಿಳಿದು, ವಿವರವನ್ನು ಫೋನಿನಲ್ಲಿಯೇ ಉಳಿಸಿಕೊಂಡು ಜಾಲವಿರುವ ಕಡೆಗೆ ಬಂದ ಮೇಲೆ ಏರಿಸುವ ಅವಕಾಶವನ್ನು ಅದರಲ್ಲಿ ಇಡಲಾಯಿತು.

ಜಾಲವಿಲ್ಲದ ಕಡೆ ಹೊಲದ ಜಾಗ ಫೋನಿಗೆ ಹೇಗೆ ತಿಳಿಯುತ್ತದೆ ಎಂದು ಆಶ್ಚರ್ಯಪಡುವವರುಂಟು. ಸ್ಥಳವನ್ನು ಹೇಳುವ ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತ ತಮ್ಮ ಸಂಕೇತವನ್ನು ಎಲ್ಲರಿಗೂ ಬಿತ್ತರಿಸುತ್ತಿರುತ್ತವೆ. ಫೋನು ಅದನ್ನು ರೇಡಿಯೋದಂತೆ ಕೇಳಿಸಿಕೊಳ್ಳುತ್ತದೆ, ಅಷ್ಟೇ; ತಾನು ಏನನ್ನೂ ಕಳುಹಿಸಬೇಕಾಗಿಲ್ಲ. ಗೋಪುರದ ಹಂಗು ಅದಕ್ಕಿಲ್ಲ.

ಗ್ರಾಮೀಣ ಉದ್ಯೋಗ ಖಾತರಿಯ ಕೆಲಸಗಳಲ್ಲಿಯೂ ಇದೇ ಪ್ರಶ್ನೆ ಎದುರಾಯಿತು. ಕೂಲಿಗಾರರ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೋ ಸಹಿತ ದಾಖಲಿಸುವ ಆ್ಯಪ್ 2021ರ ಮೇ ತಿಂಗಳಲ್ಲಿ ಬಂದಿತು. 2023ರ ಜನವರಿ 1ರಿಂದ ಬಹುಮಟ್ಟಿಗೆ ಎಲ್ಲ ಸಾಮೂಹಿಕ ಕಾಮಗಾರಿಗಳಿಗೂ ಕಡ್ಡಾಯವಾಯಿತು. ಕರ್ನಾಟಕದಲ್ಲಿ ‘ಕಾಯಕ ಬಂಧು’ ಎಂದು ಕರೆಯಲಾದ ಮೇಲ್ವಿಚಾರಕರ ಕೈಯಲ್ಲಿದ್ದ ಆ ಫೋನಿನ ಮೇಲೆ ಗುಂಪಿನ ಕೂಲಿಯೇ ನಿಂತಿತ್ತು. ಹಾಜರಿ ಏರದಿದ್ದರೆ ಕೂಲಿಯೂ ಏರದು. ಜಾಲವಿಲ್ಲದ ಕಡೆ ಹಾಜರಿಯನ್ನು ಹಿಡಿದಿಟ್ಟು ಆಮೇಲೆ ಕಳುಹಿಸಬಹುದೆಂದು ಕೇಂದ್ರ ಸರ್ಕಾರ ತಿಳಿಸಿತ್ತು. ಗುದ್ದಲಿ ಹಿಡಿದು ದಿನವೆಲ್ಲ ಬೆವರು ಸುರಿಸಿದವರಿಗೆ ಆ ಒಂದು ಸೌಲಭ್ಯ ಎಷ್ಟು ದೊಡ್ಡದೆಂದು ವಿವರಿಸಬೇಕಾಗಿಲ್ಲ.

ಒಮ್ಮೆಯೋ, ಎರಡು ಸಲವೋ?

ಕಿರ್ದಿ ಬರೆದರೆ ಎಲ್ಲ ಸುಖವೆಂದಲ್ಲ. ಅಲ್ಲಿಯೂ ಕೆಲವು ಸಿಕ್ಕುಗಳುಂಟು.

ಮೊದಲನೆಯದು, ಉತ್ತರ ಬಾರದಿರುವುದಕ್ಕೆ ಎರಡು ಅರ್ಥಗಳಿವೆ. ಪ್ರಶ್ನೆಯೇ ಮುಟ್ಟದೆ ಹೋಗಿರಬಹುದು. ಅಥವಾ ಪ್ರಶ್ನೆ ಮುಟ್ಟಿ, ಕೆಲಸವೂ ನಡೆದು, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಹಿಂದೆ ಮನಿಯಾರ್ಡರು ಕಳುಹಿಸಿದ ತಂದೆಗೆ ಮಗನ ಸಹಿಯಿದ್ದ ಚೀಟಿ ಮರಳಿ ಬಾರದಿದ್ದರೆ ಇದೇ ಸಂದಿಗ್ಧ: ಹಣ ಸೇರಲಿಲ್ಲವೋ, ಚೀಟಿ ಮಾತ್ರ ಕಳೆಯಿತೋ? ಹೆದರಿ ಇನ್ನೊಮ್ಮೆ ಕಳುಹಿಸಿದರೆ ಎರಡು ಸಲ ಸೇರುವುದೂ ಉಂಟು. ಫೋನಿನಲ್ಲಿ ಹಣ ಕೊಟ್ಟಾಗ ‘ನಡೆಯುತ್ತಿದೆ’ ಎಂದು ತೋರಿಸುತ್ತ ನಿಂತರೆ ಮನೆಯವರು ಪಡುವ ಕಳವಳ ಇದೇ.

ಇದಕ್ಕೆ ಮದ್ದು ಸರಳವಾದದ್ದು. ಕಳುಹಿಸುವ ಮುನ್ನವೇ ಒಂದೊಂದು ದಾಖಲೆಗೂ ಮತ್ತೆಲ್ಲಿಯೂ ಇಲ್ಲದ ಒಂದು ಕ್ರಮಸಂಖ್ಯೆಯನ್ನು ಫೋನೇ ಕೊಡುತ್ತದೆ. ಅದೇ ಸಂಖ್ಯೆಯ ದಾಖಲೆ ಎರಡನೆಯ ಸಲ ಬಂದರೆ ಸರ್ವರ್ ಅದನ್ನು ಮತ್ತೆ ಬರೆದುಕೊಳ್ಳದೆ, “ಇದು ಆಗಲೇ ಬಂದಿದೆ” ಎಂದು ರಸೀದಿ ಮಾತ್ರ ಕೊಡುತ್ತದೆ. ಹತ್ತು ಸಲ ಕಳುಹಿಸಿದರೂ ಒಂದೇ ಸಲದ ಫಲ.

ಎರಡನೆಯದು ಗಡಿಯಾರದ ತಕರಾರು. ಸೋಮವಾರ ತೆಗೆದ ಫೋಟೋ ಗುರುವಾರ ಸರ್ವರನ್ನು ಸೇರಿದರೆ ಅದು ಯಾವ ದಿನದ್ದು? ಸೋಮವಾರದ್ದೆಂದು ಬರೆಯಬೇಕಾದದ್ದು ನ್ಯಾಯ. ಆದರೆ ಫೋನಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು. ಆದ್ದರಿಂದ ತೆಗೆದ ಹೊತ್ತು, ತಲುಪಿದ ಹೊತ್ತು ಎರಡನ್ನೂ ಬರೆದಿಡುವುದು ಒಳ್ಳೆಯ ಪದ್ಧತಿ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅದು ಸತ್ಯದ ಮಾತು. ‘ಫೋನಿನಲ್ಲಿ ಉಳಿಸಿದೆ’ ಎಂಬುದು ಬೇರೆ, ‘ಸರ್ವರಿಗೆ ತಲುಪಿದೆ’ ಎಂಬುದು ಬೇರೆ. ಉಳಿಸಿದ ಮಾತ್ರಕ್ಕೆ ಹಸಿರು ಗುರುತು ತೋರಿಸಿ ‘ಯಶಸ್ವಿ’ ಎಂದುಬಿಡುವ ಆ್ಯಪ್ ರೈತನಿಗೆ ಸುಳ್ಳು ಹೇಳಿದಂತೆ. ಆತನು ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ, ದಾಖಲೆ ಜೇಬಿನಲ್ಲಿಯೇ ಉಳಿಯುತ್ತದೆ, ಗಡುವು ಕಳೆಯುತ್ತದೆ. ಫೋನು ಬಾವಿಗೆ ಬಿದ್ದರೆ ಅದರೊಡನೆ ಬೆಳೆಯೂ ಬಿದ್ದಂತೆಯೇ.

ಎಲ್ಲವೂ ಕಿರ್ದಿಗೆ ಒಗ್ಗದು

ಜಾಲವಿಲ್ಲದೆ ಮಾಡಬಾರದ ಕೆಲಸಗಳೂ ಉಂಟು. ಒಂದೇ ಜಮೀನನ್ನು ಇಬ್ಬರಿಗೆ ಮಾರುವುದನ್ನು ತಡೆಯಬೇಕಾದರೆ ನೋಂದಣಿಯ ಹೊತ್ತಿನಲ್ಲಿ ಮುಖ್ಯ ದಫ್ತರನ್ನು ನೋಡಲೇಬೇಕು. ಪಡಿತರವೂ ಬಹುಮಟ್ಟಿಗೆ ಇದೇ ಜಾತಿಯದು. ಒಂದೇ ಚೀಟಿಗೆ ಎರಡು ಅಂಗಡಿಗಳಲ್ಲಿ ಅಕ್ಕಿ ಹೋಗಬಾರದು. ಹೆಬ್ಬೆಟ್ಟಿನ ಗುರುತು ಚೀಟಿಯವರದೇ ಎಂದು ತಿಳಿಯಬೇಕು. ಆಧಾರ್ ಪ್ರಾಧಿಕಾರದ ದತ್ತಾಂಶ ಕೇಂದ್ರಗಳಿರುವುದು ಬೆಂಗಳೂರಿನಲ್ಲಿ ಮತ್ತು ಹರಿಯಾಣದ ಮಾನೇಸರಿನಲ್ಲಿ. ಶ್ರೀನಿವಾಸಪುರದ ಅಂಗಡಿಯಲ್ಲಿ ಒತ್ತಿದ ಬೆರಳಿನ ಗುರುತು ಅಷ್ಟು ದೂರ ಹೋಗಿ, ಒಪ್ಪಿಗೆ ಪಡೆದು, ಮರಳಿ ಬಂದ ಮೇಲೆಯೇ ತಕ್ಕಡಿ ಮೇಲೇಳುವುದು.

ಹಾಗೆಂದು ಹಸಿದವರನ್ನು ಹಿಂದಕ್ಕೆ ಕಳುಹಿಸುವುದೆ? ಕೇಂದ್ರದ ಆಹಾರ ಮತ್ತು ಸಾರ್ವಜನಿಕ ವಿತರಣಾ ಇಲಾಖೆ 2017ರ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಬರೆದ ಸೂಚನೆಯಲ್ಲಿ ಇದಕ್ಕೆ ಉತ್ತರವಿದೆ. ಜಾಲ ಸಿಗಲಿಲ್ಲ, ಬೆರಳಿನ ಗುರುತು ಹೊಂದಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಧಾನ್ಯವನ್ನು ನಿರಾಕರಿಸಕೂಡದು. ಅಂಥವರಿಗೆ ಚೀಟಿ ನೋಡಿ ಧಾನ್ಯ ಕೊಟ್ಟು, ಆ ವಿಷಯವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಯಂತ್ರದ ಕಿರ್ದಿಗೆ ಅವಕಾಶವಿಲ್ಲದ ಕಡೆ ಕಾಗದದ ಕಿರ್ದಿ! ಅರವತ್ತು ವರ್ಷ ರಾಗಿ ಬೀಸಿ, ಇಟ್ಟಿಗೆ ಹೊತ್ತು ಬೆರಳಿನ ಗೆರೆಗಳನ್ನೇ ಸವೆಸಿಕೊಂಡ ಅಜ್ಜಿಗೆ ಈ ಪುಸ್ತಕವೊಂದೇ ಆಸರೆ. ಸರ್ವರ್ ಇಲ್ಲವೆಂದಾಗ ಅದನ್ನು ತೆರೆಯುವುದು ಅಂಗಡಿಯವರ ಕೃಪೆಯಲ್ಲ. ತೆರೆಯಿರೆಂದು ಕೇಳುವುದು ಚೀಟಿಯವರ ತಪ್ಪೂ ಅಲ್ಲ.

ಹಣದ ವಿಷಯದಲ್ಲಿ ನಡುದಾರಿಯೊಂದನ್ನು ಕಂಡುಕೊಂಡಿದ್ದಾರೆ. 2022ರಲ್ಲಿ ಬಂದ ‘ಯುಪಿಐ ಲೈಟ್’ನಲ್ಲಿ ಸ್ವಲ್ಪ ಹಣವನ್ನು ಮೊದಲೇ ತೆಗೆದು ಫೋನಿನ ಪುಟ್ಟ ಚೀಲದಲ್ಲಿ ಇಟ್ಟುಕೊಳ್ಳುವುದು, ಕೊತ್ತಂಬರಿ ಸೊಪ್ಪು, ಬಸ್ಸಿನ ಚಾರ್ಜು ಮುಂತಾದ ಸಣ್ಣ ಖರ್ಚಿಗೆ ಅದರಿಂದಲೇ ಕೊಡುವುದು. ಪ್ರತಿಯೊಂದು ಐದು ಹತ್ತು ರೂಪಾಯಿಗೂ ಆ ಗಳಿಗೆಯಲ್ಲಿ ಬ್ಯಾಂಕಿನ ಮುಖ್ಯ ಸರ್ವರನ್ನು ಎಬ್ಬಿಸಬೇಕಾಗಿಲ್ಲ. 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಒಂದು ಸಲಕ್ಕೆ 1,000 ರೂಪಾಯಿ, ಚೀಲದಲ್ಲಿ ಒಟ್ಟು 5,000 ರೂಪಾಯಿ ಎಂದು ಅದರ ಮಿತಿಯನ್ನು ಏರಿಸಿತು. ಚೀಲ ಕಳೆದರೆ ಹೋಗುವುದು ಅದರಲ್ಲಿದ್ದಷ್ಟೇ. ಗೃಹಿಣಿಯರು ಸಾಸಿವೆಯ ಡಬ್ಬಿಯಲ್ಲಿ ಚಿಲ್ಲರೆ ಇಡುತ್ತಿದ್ದುದರ ಹಿಂದಿನ ಲೆಕ್ಕವೂ ಇದೇ ಆಗಿತ್ತಲ್ಲವೆ?

ಮನೆಯವರು ನೆನಪಿಡಬೇಕಾದದ್ದು

ಆ್ಯಪ್ ಕಟ್ಟುವುದು ಬಲ್ಲವರ ಕೆಲಸ. ಆದರೂ ಬಳಸುವವರ ಕೈಯಲ್ಲಿಯೂ ಕೆಲವು ಸಂಗತಿಗಳಿವೆ.

ತೋಟಕ್ಕೋ ಹೊಲಕ್ಕೋ ಹೊರಡುವ ಮೊದಲು, ಜಾಲವಿರುವ ಮನೆಯಲ್ಲಿಯೇ ಆ್ಯಪ್ ತೆರೆದು ಬೇಕಾದ ವಿವರಗಳನ್ನು ಇಳಿಸಿಕೊಂಡಿರಬೇಕು. ಹಿಂದಕ್ಕೆ ಬಂದ ಮೇಲೆ ಏರಿಸುವುದನ್ನು ಮರೆಯಬಾರದು. ‘ಬಾಕಿ’ ಎಂದು ತೋರುವುದು ಸೊನ್ನೆಯಾಗುವವರೆಗೆ ಕೆಲಸ ಮುಗಿಯಲಿಲ್ಲವೆಂದೇ ತಿಳಿಯಬೇಕು. ಬಾಕಿ ಇರುವಾಗ ಆ್ಯಪ್ ಅನ್ನು ತೆಗೆದು ಮತ್ತೆ ಹಾಕುವುದು, ಜಾಗ ಸಾಲದೆಂದು ಅದರ ದತ್ತಾಂಶ ಅಳಿಸುವುದು ಎರಡೂ ಅಪಾಯ. ಕಳುಹಿಸದೆ ಉಳಿದ ಕಿರ್ದಿಯೆಲ್ಲ ಅದರೊಡನೆ ಅಳಿಸಿಹೋಗಬಹುದು. ಹಣ ಕೊಟ್ಟಾಗ ಉತ್ತರ ಬಾರದಿದ್ದರೆ ಒಡನೆಯೇ ಇನ್ನೊಮ್ಮೆ ಕೊಡದೆ, ತುಸು ತಡೆದು, ಖಾತೆಯಿಂದ ಹಣ ಹೋಗಿದೆಯೇ ಎಂದು ನೋಡಿ ಮುಂದುವರಿಯಬೇಕು. ‘ಸರ್ವರ್ ಇಲ್ಲ’ ಎಂದು ಯಾರಾದರೂ ಹೇಳಿದರೆ, “ಯಾವಾಗಿನಿಂದ ಇಲ್ಲ? ಬೇರೆ ದಾರಿ ಏನಿದೆ? ನನ್ನ ಹೆಸರನ್ನು ಬರೆದುಕೊಂಡಿರಾ?” ಎಂಬ ಮೂರು ಪ್ರಶ್ನೆಗಳನ್ನು ಸೌಮ್ಯವಾಗಿ ಕೇಳಬಹುದು. ಉತ್ತರದಿಂದಲೇ ಬಹಳಷ್ಟು ತಿಳಿಯುತ್ತದೆ.

ಯಂತ್ರ ಕೆಡುವುದು ಸಹಜ. ತಂತಿ ಕಡಿಯುವುದು, ವಿದ್ಯುತ್ತು ಹೋಗುವುದು ಇದ್ದದ್ದೇ. ಮುಂದೆಯೂ ಸರ್ವರ್ ಬೀಳುತ್ತದೆ, ಏಳುತ್ತದೆ. ಆದರೆ ಅದು ಬಿದ್ದ ಹೊತ್ತಿನಲ್ಲಿ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ತೀರ್ಮಾನಿಸುವುದು ಯಂತ್ರವಲ್ಲ, ಅದನ್ನು ಕಟ್ಟಿದವರು ಮತ್ತು ನಡೆಸುವವರು. ತಾಳ್ಮೆಯಿಂದ ಕೇಳುವ, ಸಿಗದಿದ್ದರೆ ಬರೆದಿಟ್ಟುಕೊಳ್ಳುವ, ಬರೆದಿಟ್ಟದ್ದನ್ನು ಒಮ್ಮೆಯೇ ತಲುಪಿಸುವ, ತಲುಪುವವರೆಗೂ ತಲುಪಿತೆಂದು ಹೇಳದ ಆ್ಯಪ್ ಇದ್ದರೆ ಮಾಲೂರಿನ ಹೆಂಗಸು ಅಕ್ಕಿಗಾಗಿ ಎರಡನೆಯ ದಿನದ ಕೂಲಿಯನ್ನು ಬಿಡಬೇಕಾಗಿಲ್ಲ. ಸಾಹೇಬರು ಸರ್ಕೀಟು ಹೋಗಲಿ. ಬಂದವರ ಅರ್ಜಿಯನ್ನು ತೆಗೆದುಕೊಂಡು ರಸೀದಿ ಕೊಡುವ ಗುಮಾಸ್ತ ಕಚೇರಿಯಲ್ಲಿ ಇದ್ದರೆ ಸಾಕು.